ಕೆಂಪು ಕಾಣದ ಕೈಪಿಡಿ ಮೇಷ್ಟ್ರು

ಬೆಳಿಗ್ಗೆ ಕಂಪ್ಯೂಟರ್ ‘ಅಪ್‌ಡೇಟ್ ಮಾಡಲೇ?’ ಎಂದು ವಿನಯವಾಗಿ ಕೇಳಿತು. ಕೈಪಿಡಿ ಮೇಷ್ಟ್ರು ಅಷ್ಟೇ ವಿನಯವಾಗಿ ಹೂಂ ಎಂದರು. ಅವರ ಬಾಳಿನ ತಾಪತ್ರಯಗಳೆಲ್ಲ ಹೀಗೆ ಹೂಂ ಎಂದದ್ದರಿಂದಲೇ ಶುರುವಾಗಿದ್ದವು, ಮದುವೆಯೂ ಸೇರಿದಂತೆ.

ಮೇಷ್ಟ್ರು ಪಾಠ ಹೇಳುವವರಲ್ಲ. ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ, ಯಂತ್ರದ ಜೊತೆ ಡಬ್ಬಿಯಲ್ಲಿ ಬಂದು ಡಬ್ಬಿಯ ಜೊತೆಗೇ ಕಸಕ್ಕೆ ಹೋಗುವ ಪುಸ್ತಕ ಬರೆಯುವವರು. ಅವರು ಬರೆಯುವ ಎಡಿಟರ್ ತಂತ್ರಾಂಶದಲ್ಲಿ ಸಾಧಾರಣ ಸಾಲು ಕಪ್ಪು, ಎಚ್ಚರಿಕೆಯ ಸಾಲು ಕೆಂಪು. ಹೋದ ಸಲ ಒಂದು ಎಚ್ಚರಿಕೆ ಕಣ್ತಪ್ಪಿ, ‘ಯಂತ್ರ ತಿರುಗುವಾಗ ಕೈ ಹಾಕಬೇಡಿ’ ಎಂಬುದು ‘ಕೈ ಹಾಕಿ’ ಎಂದು ಅಚ್ಚಾಗಿತ್ತು. ಇನ್ನೊಮ್ಮೆ ಹಾಗಾದರೆ ಮೇಷ್ಟ್ರು ಮನೆಯಲ್ಲೇ ಬಟ್ಟೆ ಒಗೆದುಕೊಂಡಿರಬಹುದು ಎಂದು ಮ್ಯಾನೇಜರ್ ತಿಳಿಸಿದ್ದರು.

ಈಗ ಹೊಸ ಪುಸ್ತಕ ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ತೆರೆದು ನೋಡಿದರೆ ಇನ್ನೂರು ಪುಟವೂ ಒಂದೇ ಬೂದು ಬಣ್ಣ.

“ಅಯ್ಯೋ, ಬಣ್ಣವೆಲ್ಲ ಹೋಯ್ತಲ್ಲ!” ಎಂದು ಜೋರಾಗಿ ಹೇಳಿಬಿಟ್ಟರು. ತಪ್ಪಾದದ್ದು ಅಲ್ಲಿ.

ಮೊದಲು ಬಂದವರು ಗೋದಾಮಿನ ಅಣ್ಣ. “ವೈರು ಸಡಿಲ ಆಗಿರುತ್ತೆ, ಬಿಡಿ ನನಗೆ” ಎಂದು ಮಾನಿಟರಿನ ಬೆನ್ನಿಗೆ ಎರಡು ಬಾರಿಸಿದರು. ತೆರೆ ಒಮ್ಮೆ ನಡುಗಿ, ತಲೆಕೆಳಗಾಗಿ ನಿಂತಿತು.

“ನೀವು ಸ್ವಲ್ಪ ಸರ್ಕೊಳ್ಳಿ” ಎಂದು ಟೈಪಿಸ್ಟ್ ಅಕ್ಕ ಕುರ್ಚಿ ಎಳೆದುಕೊಂಡರು. “ನನ್ನ ತಮ್ಮ ಯಾವಾಗ್ಲೂ ಕಪ್ಪು ಹಿನ್ನೆಲೆ ಇಟ್ಕೋತಾನೆ. ಕಣ್ಣಿಗೆ ತಂಪು.” ಹಿನ್ನೆಲೆ ಕಪ್ಪಾಯಿತು. ಅಕ್ಷರಗಳೂ ಕಪ್ಪಾದವು. ಕಣ್ಣಿಗೆ ಅದಕ್ಕಿಂತ ತಂಪು ಇನ್ನೇನು ಬೇಕು?

ಕಾಣದ ಮೆನುವಿನಲ್ಲಿ ತಡಕಾಡುತ್ತಾ, ಕತ್ತು ತಿರುವಿ ಓದುತ್ತಾ ಮೇಷ್ಟ್ರು ಎಲ್ಲವನ್ನೂ ಮರಳಿ ಬೂದು ಬಣ್ಣಕ್ಕೆ ತರುವಷ್ಟರಲ್ಲಿ ಮೂರು ಗಂಟೆ. ಗಲಾಟೆ ಕೇಳಿ ಮ್ಯಾನೇಜರ್ ಬಂದರು. ಕನ್ನಡಕ ಕೋಣೆಯಲ್ಲೇ ಬಿಟ್ಟು ಬಂದಿದ್ದರು. ತೆರೆಯ ಹತ್ತಿರ ಬಗ್ಗಿ, “ಏನ್ರೀ ಇದು? ಕೆಂಪಗೇ ಇದೆಯಲ್ಲ!” ಎಂದರು.

ಅಣ್ಣನೂ ಅಕ್ಕನೂ ಬೂದು ತೆರೆಯನ್ನೊಮ್ಮೆ, ಮ್ಯಾನೇಜರ್ ಮುಖವನ್ನೊಮ್ಮೆ ನೋಡಿದರು.

“ಹೌದು ಸಾರ್, ಎದ್ದು ಕಾಣ್ತಿದೆ” ಎಂದರು ಗೋದಾಮಿನ ಅಣ್ಣ.

“ಒಳ್ಳೇ ಟೊಮೆಟೊ ಥರ ಇದೆ ಸಾರ್” ಎಂದರು ಟೈಪಿಸ್ಟ್ ಅಕ್ಕ.

“ಹಾಗಾದ್ರೆ ನಿಮ್ಮ ಕಣ್ಣೇ ಕೆಟ್ಟಿರೋದು ಮೇಷ್ಟ್ರೇ. ಈಗಲೇ ಹೋಗಿ ಡಾಕ್ಟರ್ ಹತ್ರ ಸರ್ಟಿಫಿಕೇಟ್ ತನ್ನಿ. ಅದಿಲ್ದೆ ಈ ಫೈಲ್ ಮುಟ್ಟಬೇಡಿ” ಎಂದರು ಮ್ಯಾನೇಜರ್.

ಮೇಷ್ಟ್ರು ರಸ್ತೆಗಿಳಿದು ಓಡಿದರು. ಸಿಗ್ನಲ್ಲಿನ ಕೆಂಪು ದೀಪ ಚೆನ್ನಾಗಿಯೇ ಕಂಡಿತು. ಆದರೆ ಮ್ಯಾನೇಜರ್ ಇಲ್ಲದ ಕಡೆ ಕಾಣುವ ಕೆಂಪಿಗೆ ಬೆಲೆಯೆಲ್ಲಿ?

ಕಣ್ಣಿನ ಡಾಕ್ಟರಮ್ಮ ತಮ್ಮ ಕಂಪ್ಯೂಟರ್ ತೆರೆಯನ್ನು ಅವರತ್ತ ತಿರುಗಿಸಿದರು. “ಈ ಚುಕ್ಕಿಗಳ ಮಧ್ಯೆ ಯಾವ ಅಂಕಿ ಕಾಣ್ತಿದೆ?”

“ಅಂಕಿ ಇಲ್ಲಮ್ಮ. ಬರೀ ಬೂದು ಚುಕ್ಕಿ.” ಮೇಷ್ಟ್ರು ತೆರೆಗೆ ಮೂಗು ತಾಗಿಸಿ ಮತ್ತೊಮ್ಮೆ ನೋಡಿದರು; ಬೂದೇ. ಹಾಗಾದರೆ ಮ್ಯಾನೇಜರ್ ಹೇಳಿದ್ದೇ ನಿಜ!

“ಬೇಜಾರು ಮಾಡ್ಕೋಬೇಡಿ, ಬಣ್ಣಗುರುಡು ಇವತ್ತು ತುಂಬಾ ಜನರಿಗಿದೆ. ಇಲ್ನೋಡಿ, ಇಲ್ಲಿ ಸ್ಪಷ್ಟವಾಗಿ...” ಎಂದು ಡಾಕ್ಟರಮ್ಮ ತೆರೆಯತ್ತ ಬೆರಳು ಚಾಚಿದರು. ಬೆರಳು ಗಾಳಿಯಲ್ಲೇ ನಿಂತಿತು. ಕಣ್ಣುಜ್ಜಿಕೊಂಡರು. ನರ್ಸನ್ನು ಕರೆದು ತೋರಿಸಿದರು. ನರ್ಸೂ ಇಲ್ಲವೆಂದು ತಲೆಯಾಡಿಸಿದಳು.

“ಬೆಳಿಗ್ಗೆ ಇದೂ ಅಪ್‌ಡೇಟ್ ಮಾಡಲೇ ಅಂತ ಕೇಳಿತ್ತು, ಹೂಂ ಅಂದಿದ್ದೆ!” ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. “ಬೆಳಿಗ್ಗೆಯಿಂದ ಹನ್ನೊಂದು ಜನಕ್ಕೆ ಬಣ್ಣಗುರುಡು ಅಂತ ಬರೆದುಕೊಟ್ಟಿದ್ದೀನಿ. ಅದರಲ್ಲಿ ನಾಲ್ವರು ಬಸ್ ಡ್ರೈವರುಗಳು!”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ನನ್ನ ಕಣ್ಣು ಸರಿ ಇದೆ ತಾನೇ? ಬರೆದುಕೊಟ್ಟುಬಿಡಿ, ಓಡ್ತೀನಿ.”

“ಪರೀಕ್ಷೆ ಮಾಡದೆ ಹೇಗ್ರೀ ಬರೀಲಿ? ಮೊದಲು ಇದರಲ್ಲಿ ಬಣ್ಣ ಬರಬೇಕು.” ಡಾಕ್ಟರಮ್ಮ ಮೇಷ್ಟ್ರ ಹೆಸರು, ಕೆಲಸ ಬರೆದಿದ್ದ ಚೀಟಿಯನ್ನು ನೋಡಿ ಹುಬ್ಬೇರಿಸಿದರು. “ಯಂತ್ರ ಕೆಟ್ಟರೆ ಏನು ಮಾಡಬೇಕು ಅಂತ ಪುಸ್ತಕ ಬರೆಯೋರು ನೀವೇ ಅಲ್ವಾ?”

ಮೇಷ್ಟ್ರು ಅಭ್ಯಾಸಬಲದಿಂದ ಹೂಂ ಎಂದರು.

ಡಾಕ್ಟರಮ್ಮ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಬಣ್ಣ ಬರುವ ತನಕ ಮೇಷ್ಟ್ರು ಹೊರಗೆ ಹೋಗದಂತೆ ಬಾಗಿಲ ಚಿಲಕ ಹಾಕಿದರು.