ಕಡಲ ಊರಿಗೆ ಒಬ್ಬ ಗಿರಾಕಿ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಅವಮಾನ ನನಗೆ ವಾರಕ್ಕೊಮ್ಮೆ ಆಗುತ್ತಿತ್ತು. ಅದಕ್ಕೆ ಸಂಬಳ ಬೇರೆ ಕೊಡುತ್ತಿದ್ದರು. ಜಯನಗರದ ಪುಟ್ಟ ಆಫೀಸೊಂದರಲ್ಲಿ ನನ್ನ ಕೆಲಸ ಇಷ್ಟೇ: ಈ ಕಡೆಯ ದುಡ್ಡಿದ್ದವರನ್ನು ಹಿಡಿದು, ‘ಮಂಗಳೂರಿಗೆ ಹೋಗಿ, ಬಂದರಿದೆ, ವಿಮಾನ ನಿಲ್ದಾಣವಿದೆ, ಅಲ್ಲಿ ವ್ಯಾಪಾರ ಶುರು ಮಾಡಿ’ ಎಂದು ಒಪ್ಪಿಸುವುದು. ಬನಶಂಕರಿಯಲ್ಲೇ ಹುಟ್ಟಿ ಬೆಳೆದ ನಾನು ಕಡಲು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಅದೂ ಘಾಟಿಯುದ್ದಕ್ಕೂ ವಾಂತಿ ಮಾಡಿಕೊಂಡು.

ನಮ್ಮ ಸಾಹೇಬರು ಮಾತ್ರ ಅಪ್ಪಟ ಮಂಗಳೂರಿನವರು. “ದೀಪಾವಳಿಯೊಳಗೆ ಒಬ್ಬರನ್ನಾದ್ರೂ ಒಪ್ಪಿಸಿ ಮಾರಾಯ್ರೆ. ಇಲ್ಲದಿದ್ರೆ ನೀವು ಬೇರೆ ಕೆಲಸ ನೋಡಿಕೊಳ್ಳಿ” ಎಂದು ಹೇಳಿಬಿಟ್ಟಿದ್ದರು.

ಕೆರೆ ಪಕ್ಕದ ಯಜಮಾನರು

ಮೊದಲು ಹೋದದ್ದು ಪುಟ್ಟೇನಹಳ್ಳಿಗೆ. ಅಲ್ಲಿನ ಯಜಮಾನರೊಬ್ಬರು ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಕಾಫಿ ಕೊಟ್ಟರು. ನಾನು ಲ್ಯಾಪ್‌ಟಾಪ್ ತೆರೆದು ಮಂಗಳೂರಿನ ಜಾಗದ ಫೋಟೋ ತೋರಿಸಿದೆ.

“ಹಿಂದ್ಗಡೆ ನೀಲಿಗೆ ಕಾಣ್ತಿರೋದು ಏನು?”

“ಸಮುದ್ರ ಸಾರ್!” ಎಂದೆ, ನಾನೇ ತೋಡಿಸಿದವನ ಹಾಗೆ.

ಅವರು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. “ನಮ್ ಕೆರೆ ಇರೋದೇ ಇಷ್ಟು. ಅದಕ್ಕೇ ಸುತ್ತ ಬಫರ್ ಅಂತ ಖಾಲಿ ಜಾಗ ಬಿಡಿ ಅಂದು ನಮ್ಮಣ್ಣನ ಸೈಟು ಅರ್ಧ ಹೋಯ್ತು. ಸಮುದ್ರಕ್ಕೆ ಎಷ್ಟು ಬಿಡ್ಬೇಕು ಹೇಳಿ? ಆ ಲೆಕ್ಕದಲ್ಲಿ ನಾನು ಅಂಗಡೀನ ಹಾಸನದಲ್ಲಿ ಕಟ್ಬೇಕಾಗುತ್ತೆ!”

ಮೀನೂಟ

ಕರಾವಳಿಯ ರುಚಿ ತೋರಿಸಿದರೆ ಜನ ತಾವಾಗಿಯೇ ಬರುತ್ತಾರೆ ಎಂದರು ಸಾಹೇಬರು. ಮಂಗಳೂರಿಂದ ಮೀನೂ ಬಂತು, ಅಡುಗೆಯವರೂ ಬಂದರು. ಹಾಲ್ ಖಾಲಿ ಇದ್ದ ದಿನ ನೋಡಿ ನಾನೇ ತಾರೀಕು ಗೊತ್ತು ಮಾಡಿದೆ. ಕರೆದವರೆಲ್ಲ ಬಂದರು, ಎಲೆಯ ಮುಂದೆ ಕೂತರು, ಕೈ ಮಾತ್ರ ತೊಡೆಯ ಮೇಲಿಂದ ಏಳಲಿಲ್ಲ.

“ಏನ್ರೀ, ಶ್ರಾವಣ ಶನಿವಾರ ಮೀನು ಬಡಿಸ್ತಿದ್ದೀರಲ್ಲ?” ಎಂದರು ಒಬ್ಬರು.

ನಾಚಿಕೆಗೇಡು ಎಂದರೆ, ನಾನೂ ಬೆಳಿಗ್ಗೆ ಆಂಜನೇಯನ ಗುಡಿಗೆ ಹೋಗಿ ಹಣೆಗೆ ಸಿಂಧೂರ ಇಟ್ಟುಕೊಂಡೇ ಬಂದಿದ್ದೆ. ಶ್ರಾವಣದಲ್ಲಿ ನಾನು ಮೀನು ಮುಟ್ಟುವುದಿಲ್ಲ. ಊಟ ಅವರಿಗೆ ತಾನೇ, ನನಗೇನು ಎಂದುಕೊಂಡಿದ್ದೆ! ಪಕ್ಕದ ದರ್ಶಿನಿ ಹೋಟೆಲಿನಿಂದ ಎಲ್ಲರಿಗೂ ಮೊಸರನ್ನ ತರಿಸಿದ್ದಾಯಿತು. ಅಷ್ಟು ಜನರ ನಡುವೆ ಸಾಹೇಬರು ಒಬ್ಬರೇ ಮೀನು ತಿನ್ನುತ್ತಿದ್ದರು. ಎದುರಿಗಿದ್ದ ಹಿರಿಯರು ಬಹಳ ಕನಿಕರದಿಂದ ಕೇಳಿದರು: “ಸಾರ್, ನಿಮ್ಮೂರಿಗೆ ಶ್ರಾವಣ ಬರಲ್ವಾ?”

ತಾಂಬೂಲ

ದೀಪಾವಳಿ ಹತ್ತಿರವಾಯಿತು. ಇದೇ ಕೊನೆಯ ಅವಕಾಶವೆಂದು ಜೆ.ಪಿ. ನಗರದಲ್ಲಿ ಸಭೆ ಇಟ್ಟೆವು. ಊರಿನ ಹಿರಿಮೆ ಹೇಳಲು ಮಂಗಳೂರಿನ ಹೋಟೆಲ್ ಮಾಲೀಕರೊಬ್ಬರನ್ನು ಕರೆಸಿದ್ದೆವು. ಪುಟ್ಟೇನಹಳ್ಳಿ ಯಜಮಾನರೂ ಬಂದಿದ್ದರು. ಭಾಷಣ ಮುಗಿದ ಮೇಲೆ ಇಬ್ಬರೂ ಮೂಲೆಯಲ್ಲಿ ನಿಂತು ತುಂಬಾ ಹೊತ್ತು ಮಾತಾಡಿದರು. ಆಮೇಲೆ ಒಂದು ತಟ್ಟೆ ಬಂತು. ಅದರಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಇಬ್ಬರ ಕೈಯೂ ತಟ್ಟೆಯ ಮೇಲೆ.

ನಮ್ಮ ಕಡೆ ತಾಂಬೂಲ ಕೈ ಬದಲಾಯಿತೆಂದರೆ ವ್ಯವಹಾರ ಮುಗಿದಂತೆಯೇ. ನನಗೆ ಕಣ್ಣಲ್ಲಿ ನೀರೇ ಬಂತು. ಮೈಕ್ ಕಿತ್ತುಕೊಂಡು, “ನಮ್ಮ ಯಜಮಾನರು ಮಂಗಳೂರಿಗೆ ಹೊರಟಿದ್ದಾರೆ!” ಎಂದು ಸಾರಿದೆ. ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಓಡಿ ಬಂದು ನನ್ನನ್ನು ಅಪ್ಪಿಕೊಂಡರು.

ಯಜಮಾನರು ಗಾಬರಿಯಾದರು. “ಅಯ್ಯೋ, ನಾನೆಲ್ಲಿಗೂ ಹೋಗ್ತಿಲ್ಲಪ್ಪ! ಇವ್ರೇ ಬರ್ತಿರೋದು. ನಮ್ ಬಿಲ್ಡಿಂಗ್ ಗ್ರೌಂಡ್ ಫ್ಲೋರಲ್ಲಿ ಹೋಟ್ಲು ಹಾಕ್ತಾರಂತೆ, ಅದಕ್ಕೆ ಅಡ್ವಾನ್ಸ್ ಕೊಟ್ರು.”

ಸಾಹೇಬರ ಕೈ ನನ್ನ ಹೆಗಲಿಂದ ಜಾರಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಯಜಮಾನರು ಮೈಕ್ ತೆಗೆದುಕೊಂಡು ನನ್ನ ಬೆನ್ನು ತಟ್ಟಿದರು.

“ಇವ್ರು ಬಂಗಾರದಂಥ ಮನುಷ್ಯ. ನಿಮ್ ನಿಮ್ ಬಿಲ್ಡಿಂಗಲ್ಲಿ ಖಾಲಿ ಇದ್ರೆ ಇವ್ರಿಗೆ ಹೇಳಿ. ಮಂಗಳೂರಿಂದ ಒಳ್ಳೊಳ್ಳೇ ಬಾಡಿಗೆದಾರ್ರನ್ನ ಕರ್ಕೊಂಡ್ ಬರ್ತಾರೆ!”

ಇಡೀ ಸಭೆ ನನ್ನ ನಂಬರಿಗಾಗಿ ಮುಗಿಬಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಸಾಹೇಬರು ನನ್ನ ಹತ್ತಿರ ಬಂದರು.

“ನಂಬರ್ ಕೊಡಿ ಮಾರಾಯ್ರೆ, ಎಲ್ಲರಿಗೂ ಕೊಡಿ. ಬೇರೆ ಕೆಲಸ ನೋಡಿಕೊಳ್ಳಿ ಅಂದಿದ್ದೆನಲ್ಲ, ನಾಳೆಯಿಂದ ನಿಮಗೆ ಅದೇ ಕೆಲಸ.”