ಮೆಫೀತಿ ತಾಯಿಯ ಗಡಿಕಲ್ಲು

ಬೆಳಿಗ್ಗೆ ಕತ್ತೆ ಒಮ್ಮೆ ಕೆಮ್ಮಿತು. ಅಷ್ಟಕ್ಕೇ ಸ್ತೆನಿಸನ ಹೆಂಡತಿ ವಿಬಿಯಾ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು.

"ನೋಡಿದ್ರಾ? ಚಳಿಗಾಲದಲ್ಲಿ ಇದು ಸಾಯೋ ಹಾಗಿದ್ದಾಗ ಮೆಫೀತಿ ತಾಯಿಗೆ ಹರಕೆ ಹೊತ್ತೋರು ಯಾರು? ಹರಕೆ ಕಲ್ಲು ಕೆತ್ತಿಸಿ ಅಂಗಳದಲ್ಲಿ ಮಲಗಿಸಿಬಿಟ್ರಿ. ತಾಯಿ ನೆನಪು ಮಾಡ್ತಿದ್ದಾಳೆ!"

ಸ್ತೆನಿಸ್ ನಡುಗಿಹೋದ. ಊರೂರು ತಿರುಗಿ ಎಣ್ಣೆ ಮಾರುವವನಿಗೆ ಕತ್ತೆ ಹೋದರೆ ಬದುಕೇ ಹೋದಂತೆ. "ಏನೇ ಆಗ್ಲಿ, ಇವತ್ತು ಹೊತ್ತು ಮುಳುಗೋದ್ರೊಳಗೆ ಆ ಕಲ್ಲು ತಾಯಿ ಗುಡೀಲಿ ನಿಂತಿರುತ್ತೆ" ಎಂದು ಸೊಂಟ ಕಟ್ಟಿ ನಿಂತ.

"ಮೈಮೇಲಿನ ಅಂಗಿ ಬಿಟ್ಟು, ಗುಡಿಯ ಗಡಿಕಲ್ಲು ದಾಟಿದ್ದೆಲ್ಲ ತಾಯಿದು. ನೆನಪಿರ್ಲಿ! ಮಾರಾಸಣ್ಣ ಕಂಬಳಿ ಕಳ್ಕೊಂಡಿದ್ದು ಹಾಗೇ" ಎಂದಳು ವಿಬಿಯಾ.

ಪಕ್ಕದ ಮನೆಯ ಮಾರಾಸ್, ಎದುರುಮನೆಯ ಪಾಕಿಸ್ ಕರೆಯದೆಯೇ ಹೊರಟುಬಂದರು. "ಕಲ್ಲು ಇಳಿಸೋಕೆ ನಾವಿಲ್ವಾ?"

ಕತ್ತೆಯ ಮೇಲೆ ಕಲ್ಲು ಹೇರಿ ಹೊರಟರೆ ದಾರಿಯುದ್ದಕ್ಕೂ ಇಬ್ಬರದೂ ಬರೀ ಉಪದೇಶ. ಮಾರಾಸ್ ತೋರಿಸಿದ ಒಳದಾರಿಯಲ್ಲಿ ಕತ್ತೆ ಹಳ್ಳದ ನಡುವೆ ಕೂತುಬಿಟ್ಟಿತು, ಕಲ್ಲು ಕೆಸರಿಗೆ ಜಾರಿತು. ಮೂವರೂ ಸೇರಿ ಎತ್ತಿದ ಮೇಲೆ ಸ್ತೆನಿಸ್ ಅದನ್ನು ತೊಳೆದರೆ, ಪಾಕಿಸ್ ಅಕ್ಷರಗಳನ್ನು ದಿಟ್ಟಿಸಿ, "ನಿನ್ನ ಹೆಸರು ಬಹಳ ಸಣ್ಣದಾಯ್ತು ಕಣೋ" ಎಂದ. ಬೆಟ್ಟದ ತಿರುವಿನಲ್ಲಿ ತಾಯಿಯ ಬುಗ್ಗೆಯ ಗಂಧಕದ ವಾಸನೆ, ಕೊಳೆತ ಮೊಟ್ಟೆಯಂಥದ್ದು, ಮೂಗಿಗೆ ಬಡಿದದ್ದೇ ಕತ್ತೆ ಮನೆಯ ಕಡೆ ಮುಖ ಮಾಡಿತು. ಸ್ತೆನಿಸ್ ಸೋಲಲಿಲ್ಲ. ಅದರ ಮೂಗಿಗೆ ಬಟ್ಟೆ ಸುತ್ತಿ ಎಳೆದ.

ಗಡಿಕಲ್ಲಿನ ಹತ್ತಿರ ಅವನು ಬಹಳ ಎಚ್ಚರ ವಹಿಸಿದ. ಕೋಲು, ಚೀಲ, ಟೋಪಿ, ಚಪ್ಪಲಿ, ಬುತ್ತಿಯ ರೊಟ್ಟಿ, ಎಲ್ಲವನ್ನೂ ಹೊರಗಿಟ್ಟ. ತಾಯಿಗೆ ಕಲ್ಲಿನ ಹೊರತು ಒಂದು ದಾರವೂ ಸಿಗಬಾರದು.

"ಬನ್ರೋ, ಕೈ ಹಾಕಿ. ಇಲ್ಲಿಂದ ನಾವೇ ಹೊರೋಣ."

ಕತ್ತೆಯ ಮೇಲಿನ ಕಲ್ಲಿಗೆ ಕೈ ಚಾಚಿದವನೇ ಪಾಕಿಸ್ ಸೊಂಟ ಹಿಡಿದುಕೊಂಡು ಕೂತ. "ಅಯ್ಯೋ, ಉಳುಕಿಬಿಡ್ತು!" ಮಾರಾಸನಿಗೆ ವಾಸನೆಗೆ ತಲೆ ಸುತ್ತಿತಂತೆ. ಅವನು ಓಕ್ ಮರದ ಕೆಳಗೆ ರೊಟ್ಟಿಯ ಪಕ್ಕದಲ್ಲೇ ಒರಗಿದ.

ಹೊತ್ತು ಮುಳುಗುತ್ತಿತ್ತು. ಸ್ತೆನಿಸ್ ಹಲ್ಲು ಕಚ್ಚಿ ಹಗ್ಗ ಹಿಡಿದ. "ಬಾರೋ ಮಗನೇ, ನಿನಗಿಂತ ಗಟ್ಟಿ ಯಾರಿದ್ದಾರೆ!" ದಿನವಿಡೀ ಮೊಂಡು ಹಿಡಿದಿದ್ದ ಕತ್ತೆ ಈಗ ಮದುಮಗನಂತೆ ನೆಟ್ಟಗೆ ಒಳಗೆ ನಡೆಯಿತು.

ಗುಡಿಯ ಪೂಜಾರಿ ಕೈಜೋಡಿಸಿದರು, ಕಲ್ಲು ನಿಂತಿತು. ಪೂಜಾರಿ ಗಟ್ಟಿಯಾಗಿ ಓದಿದರು: "ಮೆಫೀತಿ ತಾಯಿ ತೋರಿದ ಕೃಪೆಗಾಗಿ, ಸ್ತೆನಿಸ್ ಕೊಟ್ಟದ್ದು." ಸ್ತೆನಿಸನ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡುತ್ತಾನೆ, ಪೂಜಾರಿ ಕತ್ತೆಯ ಕೊರಳಿಗೆ ಗುಡಿಯ ಉಣ್ಣೆಪಟ್ಟಿ ಕಟ್ಟುತ್ತಿದ್ದಾರೆ.

"ಅಯ್ಯನವರೇ, ಇದು ನನ್ ಕತ್ತೆ!"

"ಗಡಿಯಾಚೆ ಇರೋವರೆಗೂ ನಿಂದೇ ಆಗಿತ್ತಪ್ಪ."

"ಇದು ಉಳೀಲಿ ಅಂತ್ಲೇ ಅಲ್ವಾ ನಾನು ಕಲ್ಲು ತಂದಿದ್ದು?"

"ಉಳಿದಿದೆಯಲ್ಲ. ಇಲ್ಲೇ ಸುಖವಾಗಿ ಇರುತ್ತೆ ಬಿಡು."

ಸ್ತೆನಿಸ್ ಬರಿಗೈಯಲ್ಲಿ ಹೊರಗೆ ಬಂದ. ಮಾರಾಸ್ ಅವನ ರೊಟ್ಟಿಯ ಕೊನೆಯ ಚೂರನ್ನು ಅಗಿಯುತ್ತಾ ಸಮಾಧಾನ ಹೇಳಿದ. "ಅಳಬೇಡ ಕಣೋ. ಕತ್ತೆ ವಾಪಸ್ ಕೊಡು ತಾಯೀ, ಇದಕ್ಕಿಂತ ದೊಡ್ಡ ಕಲ್ಲು ತರ್ತೀನಿ ಅಂತ ಹರಕೆ ಹೊತ್ಕೋ."

"ತಾಯಿ ಕೊಟ್ಲು ಅಂತಿಟ್ಕೋ. ಆ ಕಲ್ಲನ್ನ ಇಲ್ಲಿಗೆ ಹೊತ್ತು ತರೋರು ಯಾರು? ನೀವಾ, ಇಲ್ಲ ಅದೇ ಕತ್ತೆನಾ?"

ಪಾಕಿಸ್ ಮೆಲ್ಲಗೆ ಮತ್ತೆ ಸೊಂಟ ಹಿಡಿದುಕೊಂಡ.