ಗೊತ್ತಿಲ್ಲದ ನಂಬರಿಗೆ ನಮ್ಮ ಮಕ್ಕಳ ಉತ್ತರ

ಮೊಬೈಲ್ ಚಾಟಿಂಗ್‌ನಲ್ಲಿ ಹುಷಾರಾಗಿರೋದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡೋ ಕೆಲಸ ನನ್ನ ತಲೆಗೆ ಬಿದ್ದ ಮೇಲೆ, ನಗದೇ ಕಳೆದ ವಾರ ಅಂತ ನನಗೆ ಒಂದೂ ಇಲ್ಲ. ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್. ಮನೆ ಶಿವಮೊಗ್ಗದ ವಿದ್ಯಾನಗರ. ದಿನಾ ಬಸ್ಸಿನಲ್ಲಿ ಹೋಗಿ ಬರ್ತೀನಿ. ಒಂದು ದಿನ ನಮ್ಮ ಹೆಡ್‌ಮಾಸ್ಟರು ಕರೆದು, "ಮೇಡಂ, ಮಕ್ಕಳೆಲ್ಲ ಅಪ್ಪ ಅಮ್ಮನ ಫೋನಲ್ಲಿ ಯಾರ್ಯಾರ ಜೊತೆಗೋ ಚಾಟ್ ಮಾಡ್ತಿದಾರಂತೆ. ನೀವು ಕಂಪ್ಯೂಟರ್ ಅಲ್ವಾ, ಸ್ವಲ್ಪ ನೋಡ್ಕೊಳ್ಳಿ" ಅಂದರು. ನಾನು ಕಂಪ್ಯೂಟರ್ ಅಲ್ಲ, ಟೀಚರ್ ಅಂತ ಹೇಳೋಷ್ಟರಲ್ಲಿ ಅವರು ಹೊರಟೇ ಹೋಗಿದ್ದರು.

ಅಲ್ಲಿಂದ ಶುರು.

ಸಾಹೇಬ್ರು ಬಂದರು

ಮೊದಲ ಕ್ಲಾಸಿನಲ್ಲೇ ನಾನು ಗಂಟಲು ಹರಿಯೋ ಹಾಗೆ ಹೇಳಿದ್ದೆ. "ಗೊತ್ತಿಲ್ಲದವರು ಮೆಸೇಜ್ ಮಾಡಿ ಎಷ್ಟೇ ಸವಿಯಾಗಿ ಕೇಳಲಿ, ನಿಮ್ಮ ಹೆಸರು, ಶಾಲೆ, ಮನೆ ವಿಳಾಸ ಯಾವುದನ್ನೂ ಹೇಳಕೂಡದು. ನೀವ್ಯಾರು ಅಂತ ತಿರುಗಿ ಕೇಳಿ. ಗೊತ್ತಾಯ್ತಾ?" ಎಂಟನೇ ಕ್ಲಾಸಿನ ಮಕ್ಕಳು ಸೂರು ಹಾರಿಹೋಗೋ ಹಾಗೆ "ಗೊತ್ತಾಯ್ತು ಮಿಸ್" ಅಂದವು.

ಮಾರನೇ ದಿನವೇ ಇಲಾಖೆಯಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಬಹಳ ಮೆತ್ತನೆ ಮನುಷ್ಯ. ಕ್ಲಾಸಿಗೆ ಬಂದವರೇ ಮುಂದಿನ ಬೆಂಚಿನ ಹುಡುಗಿಯ ತಲೆ ಸವರಿ ಕೇಳಿದರು.

"ನಿನ್ನ ಹೆಸರೇನು ಪುಟ್ಟಾ?"

"ಹೇಳಲ್ಲ ಸಾರ್."

ಸಾಹೇಬರು ನಕ್ಕರು. "ಯಾಕಮ್ಮ? ಎಲ್ಲಿ ನಿಮ್ಮನೆ?"

"ಅದಂತೂ ಹೇಳೋದೇ ಇಲ್ಲ ಸಾರ್. ನೀವ್ಯಾರು ಅಂತ ಮೊದ್ಲು ಹೇಳಿ."

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಸಾಹೇಬರು ಪಕ್ಕದ ಹುಡುಗನನ್ನು ಕೇಳಿದರೆ ಅವನು ಕೈಕಟ್ಟಿ ಚಾವಣಿ ನೋಡುತ್ತಾ ನಿಂತ. ಹಿಂದಿನ ಬೆಂಚಿನಿಂದ ಯಾರೋ, "ಜಾಸ್ತಿ ಕೇಳಿದ್ರೆ ಬ್ಲಾಕ್ ಮಾಡ್ರೋ" ಅಂದರು. ಸಾಹೇಬರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿ, "ಮೇಡಂ, ಕೊನೇಪಕ್ಷ ನಿಮ್ಮ ಹೆಸರಾದ್ರೂ ಹೇಳ್ತೀರಾ?" ಅಂದರು.

ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಯಾಕೆ ಸಾರ್?"

ರಾಶಿ

ಆಮೇಲೆ ಹೆಡ್‌ಮಾಸ್ಟರಿಗೂ ಉತ್ಸಾಹ ಬಂತು. ಪೋಷಕರಿಗೆಲ್ಲ ತಿಳಿವಳಿಕೆ ಕೊಡಬೇಕು ಅಂತ ‘ಸುರಕ್ಷಿತ ಮಕ್ಕಳು’ ಎನ್ನೋ ಗ್ರೂಪ್ ಮಾಡಿದರು. ಮೊದಲ ಮೆಸೇಜೇ, ‘ಯಾರಿಗೂ ಸಿಕ್ಕ ಸಿಕ್ಕ ಲಿಂಕ್ ಕಳಿಸಬೇಡಿ, ಸಿಕ್ಕ ಲಿಂಕ್ ಒತ್ತಬೇಡಿ.’ ಅದನ್ನು ಬರೆದು ಮುಗಿಸಿದವರೇ ಗ್ರೂಪಿಗೆ ಸೇರೋ ಲಿಂಕನ್ನು ಪೋಷಕರಿಗೆ ಕಳಿಸುವ ಬದಲು ತಾವಿರೋ ಅಡಿಕೆ ಬೆಳೆಗಾರರ ಗ್ರೂಪಿಗೆ ಕಳಿಸಿಬಿಟ್ಟರು. ಆಮೇಲೆ ಪೋಷಕರಿಗೂ ಹೋಯಿತು ಅನ್ನಿ. ಬೆಳೆಗಾರರೂ ಸೇರಿದರು, ಅಮ್ಮಂದಿರೂ ಸೇರಿದರು. ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ.

ಬೆಳೆಗಾರರೊಬ್ಬರು ಅಡಿಕೆಯ ರಾಶಿ ತಳಿಯ ಧಾರಣೆ ತಿಳಿಯೋಕೆ, ‘ಇವತ್ತು ರಾಶಿ ಹೇಗಿದೆ?’ ಅಂತ ಹಾಕಿದರು.

ತಾಯಿಯೊಬ್ಬರು ತಕ್ಷಣ, ‘ಸಾರ್, ನನ್ನ ಮಗಂದು ಕನ್ಯಾ ರಾಶಿ. ಗಣಿತದಲ್ಲಿ ಪಾಸಾಗ್ತಾನಾ?’

ಅತ್ತ ಕಡೆಯಿಂದ ಇನ್ನೊಬ್ಬರು ಬೆಳೆಗಾರರ ಉತ್ತರ: ‘ಈ ವಾರ ಬೀಳುತ್ತೆ. ಸ್ವಲ್ಪ ದಿನ ಒಣಗಿಸಿ ಇಟ್ಕೊಳ್ಳಿ.’

ಅಪ್ಪನ ಪರೀಕ್ಷೆ

ಊರಿಗೆಲ್ಲ ಹೇಳೋಳು ಮನೇಲಿ ಸುಮ್ಮನಿರೋಕಾಗುತ್ತಾ? ನನ್ನ ಮಗಳು ಏಳನೇ ಕ್ಲಾಸು. ಗೊತ್ತಿಲ್ಲದ ನಂಬರಿಂದ ‘ನಾನು ಅಪ್ಪ, ನಾನು ಅಮ್ಮ’ ಅಂತ ಯಾರಾದ್ರೂ ಮೆಸೇಜ್ ಮಾಡಿದರೆ ಕೇಳೋಕೆ ಅಂತ ಮೂವರೂ ಕೂತು ಒಂದು ಗುಟ್ಟಿನ ಮಾತು ಇಟ್ಟುಕೊಂಡೆವು. ‘ಕೊಟ್ಟೆ ಕಡುಬು.’ ನಮ್ಮ ಯಜಮಾನರು ಆಗ ಪೇಪರ್ ಓದುತ್ತಾ ತಲೆ ಆಡಿಸಿದ್ದರು.

ಅವರು ಕೆಲಸ ಮಾಡೋದು ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ. ಒಂದು ಮಧ್ಯಾಹ್ನ ಅವರ ಫೋನ್ ಕೈಕೊಟ್ಟು, ಪಕ್ಕದವರ ಫೋನಿಂದ ಮನೆಯಲ್ಲಿರೋ ಫೋನಿಗೆ ಮೆಸೇಜ್ ಮಾಡಿದ್ದಾರೆ. ‘ಪುಟ್ಟಿ, ನಾನು ಅಪ್ಪ. ಬೀರುವಿನಲ್ಲಿರೋ ನನ್ನ ಆಧಾರ್ ಕಾರ್ಡಿನ ಫೋಟೋ ತೆಗೆದು ಈ ನಂಬರಿಗೆ ಬೇಗ ಕಳಿಸು. ಅರ್ಜೆಂಟ್.’

ಕಳ್ಳರು ಬರೆದರೂ ಇಷ್ಟು ಚೆನ್ನಾಗಿ ಬರೆಯಲಿಕ್ಕಿಲ್ಲ!

ನಾನು ಬಸ್ಸಿಳಿದು ಮನೆಗೆ ಬಂದಾಗ ಮಗಳು ಪೂರ್ತಿ ಚಾಟ್ ತೋರಿಸಿದಳು.

‘ಕಾಲ್ ಮಾಡಿ’ ಅಂತ ಇವಳು. ‘ಮೀಟಿಂಗಲ್ಲಿದೀನಿ’ ಅಂತ ಅವರು.

‘ಹಾಗಾದ್ರೆ ಗುಟ್ಟಿನ ಮಾತು ಹೇಳಿ.’

‘ಏನೋ ತಿನ್ನೋದಿತ್ತಲ್ಲ... ಚಕ್ಲಿ?’

‘ತಪ್ಪು.’

‘ಅಕ್ಕಿ ರೊಟ್ಟಿ?’

‘ತಪ್ಪು. ನಾನು ಎಷ್ಟನೇ ಕ್ಲಾಸು?’

‘ಆರು.’

‘ಅಮ್ಮನ ಹುಟ್ಟುಹಬ್ಬ ಯಾವ ತಿಂಗಳು?’

‘ಜೂನು. ಅಲ್ಲ ಅಲ್ಲ, ಜುಲೈ.’

ನಾನು ಹುಟ್ಟಿದ್ದು ಡಿಸೆಂಬರಿನಲ್ಲಿ. ಅದರ ಕೆಳಗೆ ನೋಡಿದರೆ ಮಗಳು ಆಧಾರ್ ಫೋಟೋ ಕಳಿಸಿಯೇಬಿಟ್ಟಿದ್ದಾಳೆ! "ಅಲ್ವೇ ಮಾರಾಯ್ತಿ, ಎಲ್ಲಾ ತಪ್ಪು ಹೇಳಿದ ಮೇಲೂ ಯಾಕೆ ಕಳಿಸಿದೆ?"

ಮಗಳು ಸಮಾಧಾನವಾಗಿ ಹೇಳಿದಳು: "ಕಳ್ಳ ಆಗಿದ್ರೆ ನಮ್ಮ ಬಗ್ಗೆ ಒಂದಾದ್ರೂ ತಿಳ್ಕೊಂಡು ಬರ್ತಿದ್ದ ಅಮ್ಮ. ಏನೂ ಗೊತ್ತಿಲ್ಲ ಅಂದ್ಮೇಲೆ ಅಪ್ಪನೇ."

ಸೀರೆಯಲ್ಲಿರೋ ಫೋಟೋ

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಪಾಠವನ್ನು ಪೂರ್ತಿ ಅರೆದು ಕುಡಿದಿದ್ದಳು. ಅವಳ ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ಆ ವಿಷಯ ಇವಳಿಗೆ ಯಾರೂ ಹೇಳಿರಲಿಲ್ಲ, ಚಿಕ್ಕವಳು ಅಂತ. ಒಂದು ಭಾನುವಾರ ಅಪ್ಪನ ಫೋನ್ ಇವಳ ಕೈಲಿದ್ದಾಗ ಹೊಸ ನಂಬರಿಂದ ಮೆಸೇಜ್ ಬಂತು. ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಗುಲಾಬಿ ಹೂ.

‘ನಮಸ್ಕಾರ. ದೊಡ್ಡ ಹುಡುಗಿ ಫೋಟೋ ಕಳಿಸಿ. ಸೀರೆಯಲ್ಲಿರೋದು.’

ಹುಡುಗಿ ತಿರುಗಿ ಬರೆದಳು: ‘ಯಾರು ನೀವು? ಈ ನಂಬರ್ ಯಾರು ಕೊಟ್ರು?’

‘ಬ್ರೋಕರ್ ಕೊಟ್ಟರು.’

ಮುಗೀತು! ನಾನು ಹೇಳಿಕೊಟ್ಟ ಹಾಗೆ ಸ್ಕ್ರೀನ್‌ಶಾಟ್ ತೆಗೆದಳು, ಬ್ಲಾಕ್ ಮಾಡಿದಳು, ದೊಡ್ಡವರಿಗೆ ತಿಳಿಸಿದಳು. ದೊಡ್ಡವರು ಅಂದರೆ ಒಬ್ಬರಿಬ್ಬರಲ್ಲ, ನೆಂಟರ ಗ್ರೂಪಿನಲ್ಲಿದ್ದ ಅಷ್ಟೂ ಜನಕ್ಕೆ. ‘ಎಚ್ಚರ! ಇವನು ಹುಡುಗಿಯರ ಫೋಟೋ ಕೇಳೋ ಕಳ್ಳ. ಇವನಿಗೊಬ್ಬ ಬ್ರೋಕರೂ ಇದ್ದಾನೆ.’

ಅವಳ ಸೋದರಮಾವ ಲಾರಿ ಓಡಿಸೋರು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಆ ನಂಬರಿಗೆ ಫೋನ್ ಹಚ್ಚಿ ಗುಡುಗಿದರಂತೆ: "ಏನ್ರೀ, ನಿಮ್ಮನೇಲಿ ಹೆಣ್ಮಕ್ಕಳಿಲ್ವೇನ್ರೀ?"

ಆ ಕಡೆಯ ಧ್ವನಿ ನಡುಗುತ್ತಾ, "ಇಲ್ಲ ಸ್ವಾಮಿ, ಇಬ್ಬರೂ ಗಂಡುಮಕ್ಕಳು. ಅದಕ್ಕೇ ಸೊಸೆ ಹುಡುಕ್ತಿದೀವಿ" ಅಂದಿತಂತೆ.

ಮನೆಯಲ್ಲಿ ದೊಡ್ಡ ರಾದ್ಧಾಂತ. ಅಪ್ಪ ಫೋನ್ ಮಾಡಿ ತಪ್ಪಾಯಿತು ಅಂತ ಬೇಡಿಕೊಂಡರು. ಅಮ್ಮ ಅತ್ತರು. ಒಳ್ಳೆ ಸಂಬಂಧ ಕೈತಪ್ಪಿಹೋಯಿತು ಅಂತ ಅಕ್ಕ ಮಾತು ಬಿಟ್ಟಳು. ಹುಡುಗಿ ಸೋಮವಾರ ಶಾಲೆಗೆ ಬಂದು, "ಮಿಸ್, ನೀವು ಹೇಳಿದ್ದನ್ನೇ ಮಾಡಿದೆ, ಎಲ್ಲರೂ ನನ್ನನ್ನೇ ಬೈತಿದಾರೆ" ಅಂತ ಬಿಕ್ಕಿದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ನೀನು ಮಾಡಿದ್ದರಲ್ಲಿ ಒಂದು ಅಕ್ಷರ ತಪ್ಪಿಲ್ಲ ಪುಟ್ಟಾ" ಅಂದೆ. ಅವಳ ಅಪ್ಪನಿಗೂ ಅದನ್ನೇ ಫೋನಲ್ಲಿ ಹೇಳಿದೆ.

ಆದರೆ ಗಂಡಿನ ಕಡೆಯವರು ಬಿಡಲಿಲ್ಲ, ಬಂದೇಬಂದರು! ಶಂಕರಘಟ್ಟದಲ್ಲಿ ಯೂನಿವರ್ಸಿಟಿ ನೌಕರಿಯಲ್ಲಿದ್ದ ಗಂಡಿನ ಅಪ್ಪ ಚಾಪೆ ಮೇಲೆ ಕೂತವರೇ, "ಹುಡುಗಿನ ಆಮೇಲೆ ನೋಡೋಣ. ಮೊದಲು ಚಿಕ್ಕವಳನ್ನ ಕರೀರಿ" ಅಂದರು. ಅವಳು ಬಾಗಿಲ ಮರೆಯಿಂದ ಹೆದರುತ್ತಾ ಬಂದಳು.

ಅವರು ಕೈಮುಗಿದು ಹೇಳಿದರು: "ಅಮ್ಮಾ ತಾಯಿ, ನಿಮ್ಮಪ್ಪನ ಫೋನಲ್ಲಿ ನನ್ನನ್ನ ಅನ್‌ಬ್ಲಾಕ್ ಮಾಡು. ನಿಶ್ಚಿತಾರ್ಥದ ದಿನ ತಿಳಿಸ್ಬೇಕು."

ಹಸಿರು ಸೀರೆ

ಇದು ನಗೋ ವಿಷಯವಾಗಿ ಶುರುವಾದದ್ದಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಮಂಕಾದಳು. ಊಟ ಬಿಟ್ಟಳು. ಅವಳ ಅಜ್ಜಿ ಭದ್ರಾವತಿ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲೇ ಮುದುಕಿಯಾದವರು, ಮಾತಾಡಿದರೆ ಅರ್ಧ ಕನ್ನಡ, ಅರ್ಧ ತಮಿಳು. ಅಜ್ಜಿ ಬೈಯಲಿಲ್ಲ, ಕೂಗಲಿಲ್ಲ. ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, "ಏನಾಯ್ತು ಕಣ್ಣು? ಎಂಥದ್ದೇ ಆಗ್ಲಿ, ನಿನ್ನ ಕೈ ಬಿಡಲ್ಲ, ಹೇಳು" ಅಂದರು. ಆಗ ಅವಳು ಬಾಯಿಬಿಟ್ಟಳು.

ಅಜ್ಜಿಯ ಫೋನಲ್ಲಿ ಆಟ ಆಡುವಾಗ ಅದರ ಚಾಟ್‌ನಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಳು. ‘ನಂಗೂ ಹದಿಮೂರು ವರ್ಷ’ ಅಂತ. ಫೋಟೋ ಕೇಳಿದಳು, ಇವಳು ಯೂನಿಫಾರ್ಮಿನಲ್ಲಿದ್ದ ಒಂದು ಫೋಟೋ ಕಳಿಸಿದ್ದಳು. ಆಮೇಲೆ ಆ ‘ಗೆಳತಿ’ಯ ಮಾತಿನ ಧಾಟಿಯೇ ಬದಲಾಯಿತು. ಇನ್ನೂ ಫೋಟೋ ಬೇಕು, ಮನೇಲಿ ಹೇಳಿದರೆ ಇರೋ ಫೋಟೋನ ಕೆಟ್ಟದಾಗಿ ತಿದ್ದಿ ಎಲ್ಲರಿಗೂ ಕಳಿಸ್ತೀನಿ ಅಂತ ಬೆದರಿಕೆ. ಕೊನೆಗೆ, ಶನಿವಾರ ಬಸ್‌ಸ್ಟ್ಯಾಂಡ್ ಎದುರಿನ ಜ್ಯೂಸ್ ಅಂಗಡಿಗೆ ಒಬ್ಬಳೇ ಬಾ.

ಅಜ್ಜಿ ಮೊಮ್ಮಗಳ ಕೈ ಹಿಡಿದು ನೇರ ನನ್ನ ಹತ್ತಿರ ಬಂದರು. ನಾವು ನೇರ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಲೇಡಿ ಇನ್ಸ್‌ಪೆಕ್ಟರ್ ಎಲ್ಲ ಕೇಳಿ ಹುಡುಗಿಗೆ ಹೇಳಿದ ಮೊದಲ ಮಾತು, "ನೀನು ಮನೇಲಿ ಹೇಳಿದೆಯಲ್ಲ, ಅಲ್ಲಿಗೆ ಅವನ ಕಥೆ ಮುಗೀತು." ಆ ಮಗುವಿನ ಮುಖಕ್ಕೆ ಆಗ ಜೀವ ಬಂತು ನೋಡಿ!

ಶನಿವಾರ ಹುಡುಗಿ ಅಮ್ಮನ ಜೊತೆ ಮನೆಯಲ್ಲೇ ಇದ್ದಳು. ಜ್ಯೂಸ್ ಅಂಗಡಿಯಲ್ಲಿ ಕೂತು ಅವಳ ಬದಲು ಉತ್ತರ ಕೊಡೋಕೆ ಒಬ್ಬಳು ಲೇಡಿ ಕಾನ್‌ಸ್ಟೇಬಲ್ ಬರಬೇಕಿತ್ತು. ಮಾಮೂಲಿ ಬಟ್ಟೆಯಲ್ಲಿ ಬಂದಳು ಕೂಡ. ಆದರೆ ಅಜ್ಜಿ, "ಫೋನ್ ನಂದು, ನಂಜೊತೆಗೇ ಬರುತ್ತೆ" ಅಂತ ಹಟ ಹಿಡಿದು ದೊಡ್ಡ ಜರಿ ಅಂಚಿನ ಹಸಿರು ಸೀರೆ ಉಟ್ಟು ಬಂದು ಪಕ್ಕದಲ್ಲಿ ಕೂತರು. ನಾನು ಒಂದು ಮೂಲೆ. ಮಫ್ತಿಯಲ್ಲಿದ್ದ ಪೊಲೀಸರು ಇನ್ನೊಂದು ಮೂಲೆ. ಬಾಗಿಲಲ್ಲಿ ನಮ್ಮ ಪಿ.ಟಿ. ಮಾಸ್ಟರು ಕಪ್ಪು ಕನ್ನಡಕ ಹಾಕಿಕೊಂಡು ಜ್ಯೂಸಿನ ಮೇಲೆ ಜ್ಯೂಸ್ ಕುಡಿಯುತ್ತಿದ್ದರು. ಅಂಗಡಿಯವನಿಗೆ ವ್ಯಾಪಾರ ಜೋರು ಅಂತ ಹಿಗ್ಗೋ ಹಿಗ್ಗು.

ನಲವತ್ತು ದಾಟಿದ, ಕಿವಿಯ ಹತ್ತಿರ ಕೂದಲು ನರೆತ ಒಬ್ಬ ಆಸಾಮಿ ಚಾಕೊಲೇಟ್ ಡಬ್ಬಿ ಹಿಡಿದು ಒಳಗೆ ಬಂದ. ಕೂರೋಕೆ ಜಾಗವಿಲ್ಲ. ಅಂಗಡಿ ತುಂಬ ನಾವೇ! ಮಫ್ತಿ ಪೊಲೀಸರಿಗೇ "ಸ್ವಲ್ಪ ಜರುಗಿ ಸಾರ್" ಅಂದು ಸಂದಿಯಲ್ಲಿ ಕೂತು ಮೆಸೇಜ್ ಒತ್ತಿದ. ಅಜ್ಜಿಯ ಮಡಿಲಲ್ಲಿ ಫೋನ್ ಟಿಂಗ್ ಅಂತು.

‘ಬಂದ್ಯಾ? ಯಾವ ಬಣ್ಣದ ಡ್ರೆಸ್?’

ಕಾನ್‌ಸ್ಟೇಬಲ್ ಅವಸರದಲ್ಲಿ ಕಣ್ಣಿಗೆ ಬಿದ್ದ ಬಣ್ಣ ಒತ್ತಿಬಿಟ್ಟಳು: ‘ಹಸಿರು.’

ಅವನು ಕತ್ತು ಎತ್ತಿ ಸುತ್ತಲೂ ನೋಡಿದ. ಇಡೀ ಅಂಗಡಿಯಲ್ಲಿ ಹಸಿರು ಅಂದರೆ ಅಜ್ಜಿ ಒಬ್ಬರೇ. ಅಜ್ಜಿ ಮುಖ ಅರಳಿಸಿ ಕೈ ಬೀಸಿದರು. "ಬಾ ಕಣ್ಣು, ಇಲ್ಲೇ ಇದೀನಿ. ನಾನೇ ಎಂಟನೇ ಕ್ಲಾಸು."

"ಅಜ್ಜಿ... ನೀವು..."

"ನೀನು ಹದಿಮೂರು ವರ್ಷದ ಹುಡುಗಿ ಆಗ್ಬೋದು, ನಾನ್ ಆಗ್ಬಾರ್ದಾ?"

ಅವನು ಡಬ್ಬಿ ಬಿಸಾಕಿ ಓಟ ಕಿತ್ತ. ಪಿ.ಟಿ. ಮಾಸ್ಟರಿಗೆ ಓಡುವವರನ್ನು ಕಂಡರೆ ಸೀಟಿ ಊದೋದು ಅಭ್ಯಾಸ. ಜೇಬಿಂದ ತೆಗೆದು ಪ್ರಾಣ ಹೋಗೋ ಹಾಗೆ ಊದಿದರು. ಎದುರಿಗೆ ನಿಂತಿದ್ದ ಖಾಸಗಿ ಬಸ್ಸಿನ ಡ್ರೈವರು ಅದನ್ನು ತನ್ನ ಕಂಡಕ್ಟರನ ಸೀಟಿ ಅಂದುಕೊಂಡು ‘ರೈಟ್’ ಅಂತ ಬಸ್ಸನ್ನು ಮುಂದಕ್ಕೆ ತಂದರು. ದಾರಿ ಬಂದ್! ಅವನು ಬಸ್ಸಿಗೆ ಡಿಕ್ಕಿ ಹೊಡೆಯೋದು ತಪ್ಪಿಸಿಕೊಂಡು ತಿರುಗಿದರೆ ಹಿಂದೆ ಪೊಲೀಸರು. ಜನರೆಲ್ಲ ಏನು ಎತ್ತ ಗೊತ್ತಿಲ್ಲದೇ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಣ್ಣಲ್ಲಿ ನೀರು ಬೇರೆ ಬರುತ್ತಿತ್ತು.

ಸ್ಟೇಷನ್ನಿನಲ್ಲಿ ಅವನ ಫೋನು ವಶವಾಯಿತು. ಇನ್ನೂ ಯಾವ್ಯಾವ ಮಕ್ಕಳನ್ನು ಹೆದರಿಸಿದ್ದನೋ, ಅವರ ಮನೆಯವರಿಗೆಲ್ಲ ತಿಳಿಸೋ ಕೆಲಸ ಅಲ್ಲೇ ಶುರುವಾಯಿತು. ನಮ್ಮ ಹುಡುಗಿಗೆ ಫೋನ್ ಮಾಡಿ ಹೇಳಿದರೆ, "ನಿಜವಾಗ್ಲೂ ಮಿಸ್? ಹಿಡಿದ್ರಾ ಮಿಸ್?" ಅಂತ ಕಿರುಚಿದಳು. ಅಂದು ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿದಳಂತೆ.

ಇತ್ತ ಇನ್ಸ್‌ಪೆಕ್ಟರ್ ಅಜ್ಜಿಯ ಹೇಳಿಕೆ ಬರೆದುಕೊಳ್ಳೋಕೆ ಕೂತರು.

"ನಿಮ್ಮ ವಯಸ್ಸು ಹೇಳಿ ಅಜ್ಜಿ."

ಅಜ್ಜಿ ಹಸಿರು ಸೆರಗನ್ನು ಸರಿಮಾಡಿಕೊಂಡು, ಗಂಭೀರವಾಗಿ ಕೇಳಿದರು:

"ಯಾವ್ದು ಬರ್ಕೊತೀಯಮ್ಮಾ, ಮನೇದಾ, ಮೊಬೈಲ್‌ದಾ?"